ಸಿಗಡಿಯ ಚಿಪ್ಪಿಗೂ ಕಸಿ

ಚೈತ್ರ-ವೈಶಾಖಗಳಲ್ಲಿ ತುರ್ಭೆಯ ಹಣ್ಣಿನ ಪೇಟೆಯಲ್ಲಿ ಆಪೂಸಿನ ಪೆಟ್ಟಿಗೆಗಳು ರಾಶಿ ಬೀಳುತ್ತವೆ. ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕುಡಿಯನ್ನು ಬೆಸೆಯುವ ಕಸಿವಿದ್ಯೆಯ ಫಲವದು. ಇದೇ ವಿದ್ಯೆಯನ್ನು ರಸಾಯನಶಾಸ್ತ್ರಜ್ಞರು ಸಿಗಡಿ, ಏಡಿಗಳ ಚಿಪ್ಪಿಗೂ ಅನ್ವಯಿಸಿದ್ದಾರೆ.

ಚಿಪ್ಪಿನಲ್ಲಿರುವ ಕೈಟಿನ್ ಎಂಬ ದ್ರವ್ಯವನ್ನು ಪ್ರಬಲ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ದೊರೆಯುತ್ತದೆ. 1859ರಲ್ಲಿ ಫ್ರಾನ್ಸಿನ ರೂಜೆ ಎಂಬ ವಿಜ್ಞಾನಿ ಇದನ್ನು ಗುರುತಿಸಿದನು. ಇದರ ಅಣುಸರಪಣಿಯ ಅಮೈನೋ ಗುಂಪುಗಳು ಧನವಿದ್ಯುದಂಶವನ್ನು ತಾಳಿ, ಋಣವಿದ್ಯುದಂಶವುಳ್ಳ ರಕ್ತಕಣಗಳನ್ನು ಸೆಳೆದು ಹಿಡಿಯುತ್ತವೆ. ಆದುದರಿಂದಲೇ ರಕ್ತಸ್ರಾವ ತಡೆಯುವ ಗಾಯಪಟ್ಟಿಗಳಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ಆದರೆ ದೋಷವೂ ಉಂಟು. ಇದು ನೀರಿನಲ್ಲಿ ಕರಗದು, ಆಮ್ಲದಲ್ಲಿ ಕರಗುತ್ತದೆ. ಹೀಗಾಗಿ ಇದರಲ್ಲಿ ಹುದುಗಿಸಿದ ಔಷಧವು ಜಠರದಲ್ಲಿಯೇ ಬೇಗ ಹೊರಬೀಳುವ ಸಂಭವವಿದೆ.

ಇದಕ್ಕೊಂದು ಪರಿಹಾರ ಕಸಿ. ಪ್ರಚೋದಕ ರಾಸಾಯನಿಕದಿಂದ ಸರಪಣಿಯ ಮೇಲೆ ಕ್ರಿಯಾಶೀಲ ನೆಲೆಗಳನ್ನು ಉಂಟುಮಾಡಿ, ಅಲ್ಲಿಂದ ಬೇರೊಂದು ಪಾಲಿಮರಿನ ಕವಲುಗಳನ್ನು ಬೆಳೆಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ್ ಅಮ್ಮಿನಭಾವಿಯವರೂ ಅವರ ಸಹೋದ್ಯೋಗಿಗಳೂ ಕೈಟೋಸಾನಿಗೆ ಪಾಲಿಅಕ್ರಿಲಮೈಡನ್ನು ಕಸಿಮಾಡಿ ಸೂಕ್ಷ್ಮ ಗೋಲಿಗಳನ್ನು ರೂಪಿಸಿದರು. ಅವುಗಳಲ್ಲಿ ನೋವುನಿವಾರಕ ಇಂಡೊಮೆಥಾಸಿನ್, ರಕ್ತದೊತ್ತಡದ ನಿಫೆಡಿಪಿನ್ ಮದ್ದುಗಳನ್ನು ತುಂಬಿ, ಅವು ಹೊರಬರುವ ಗತಿಯನ್ನು ಪ್ರಯೋಗಶಾಲೆಯಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದರು. ಮದ್ದು ನಿಧಾನವಾಗಿ ಇಳಿದರೆ ರೋಗಿಯು ಪದೇ ಪದೇ ಗುಳಿಗೆ ನುಂಗುವ ಕಷ್ಟ ತಪ್ಪುತ್ತದೆ.

ಎಚ್ಚರಿಕೆಯೂ ಅಗತ್ಯ. ಕಸಿಯಲ್ಲಿ ಸೇರದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ. ಅದನ್ನು ಸಂಪೂರ್ಣವಾಗಿ ತೊಳೆದು ತೆಗೆಯಲೇಬೇಕು. ಸಿಗಡಿ ಒಗ್ಗದವರು ಕೈಟೋಸಾನ್ ಪಟ್ಟಿಯನ್ನು ಬಳಸುವ ಮುನ್ನ ವೈದ್ಯರಿಗೆ ತಿಳಿಸುವುದು ಕ್ಷೇಮ. ಮೀನುಪೇಟೆಯ ಕಸವೆಂದು ಎಸೆಯುವ ಚಿಪ್ಪು, ಹದವರಿತ ಕೈ ಸೇರಿದರೆ ಮದ್ದಿನ ಪಾತ್ರೆಯಾಗಬಲ್ಲುದು.