ಭೇಟಿ ವೇಳಾಪಟ್ಟಿಯ ಕ್ಯಾಲೆಂಡರ್ ಸರ್ವರ್ ಮತ್ತು ಎಸ್‌ಎಸ್‌ಎಲ್ ಪ್ರಮಾಣಪತ್ರ: ಅರ್ಜಿದಾರರ ಗಮನಕ್ಕೆ

ದಾಖಲೆ ಪರಿಶೀಲನೆ, ಸ್ಥಳ ತನಿಖೆ ಮುಂತಾದವುಗಳ ದಿನಾಂಕವನ್ನು ಕ್ಯಾಲೆಂಡರ್ ಸರ್ವರ್ ಮೂಲಕ ನೀಡುವ ಕಚೇರಿಗಳಲ್ಲಿ, ಅರ್ಜಿದಾರರು ಸದರಿ ವೇಳಾಪಟ್ಟಿಯನ್ನು ತಮ್ಮ ಮೊಬೈಲ್ ಕ್ಯಾಲೆಂಡರ್‌ಗೆ ಜೋಡಿಸಿಕೊಳ್ಳಬಹುದಾಗಿರುತ್ತದೆ. ಜೋಡಿಸುವಾಗ ಸರ್ವರ್‌ನ ಪ್ರಮಾಣಪತ್ರದ ಬಗ್ಗೆ ಎಚ್ಚರಿಕೆ ಕಂಡುಬಂದಲ್ಲಿ ಅನೇಕರು ಅದನ್ನು ಓದದೆಯೇ ‘ಮುಂದುವರಿಯಿರಿ’ ಎಂಬುದನ್ನು ಒತ್ತುತ್ತಾರೆ. ಹಾಗೆ ಮಾಡತಕ್ಕದ್ದಲ್ಲ.

ಅಂತರಜಾಲ ಪುಟದಲ್ಲಿ ಪಾಸ್‌ವರ್ಡನ್ನು ಸಾಮಾನ್ಯವಾಗಿ ಒಮ್ಮೆ ನಮೂದಿಸಿದರೆ ಸಾಕು. ಮೊಬೈಲ್ ಕ್ಯಾಲೆಂಡರ್ ಹಾಗಲ್ಲ. ಹೊಸ ದಿನಾಂಕ ಬಂದಿದೆಯೇ ಎಂದು ಅದು ಆಗಾಗ್ಗೆ ಸರ್ವರನ್ನು ವಿಚಾರಿಸುತ್ತದೆ. ಬಹುತೇಕ ವ್ಯವಸ್ಥೆಗಳಲ್ಲಿ ಪ್ರತಿ ಬಾರಿಯೂ ಪಾಸ್‌ವರ್ಡನ್ನು ಕಳುಹಿಸುತ್ತದೆ. ಎಸ್‌ಎಸ್‌ಎಲ್ ರಕ್ಷಣೆ ಇಲ್ಲದಿದ್ದಲ್ಲಿ, ಬಸ್ ನಿಲ್ದಾಣದ ಉಚಿತ ವೈಫೈನಲ್ಲಿ ಹೊಂಚು ಹಾಕುವವನಿಗೆ ಅದು ಸುಲಭವಾಗಿ ದೊರೆಯುತ್ತದೆ. ಆದ್ದರಿಂದ ಸರ್ವರ್ ವಿಳಾಸವು ‘ಎಚ್‌ಟಿಟಿಪಿಎಸ್’ ಎಂದೇ ಆರಂಭವಾಗಿರತಕ್ಕದ್ದು. ಎಸ್‌ಎಸ್‌ಎಲ್ ಎಂಬುದು ರೂಢಿಯ ಹೆಸರು ಮಾತ್ರ. ಅದರ 3.0 ಆವೃತ್ತಿಯ ಬಳಕೆಯನ್ನು 2015ರಲ್ಲಿಯೇ ನಿಷೇಧಿಸಲಾಗಿದ್ದು, ಈಗ ಬಳಕೆಯಲ್ಲಿರುವುದು ಟಿಎಲ್‌ಎಸ್.

ಪ್ರಮಾಣಪತ್ರದ ಕಾರ್ಯವು ಸರ್ವರ್‌ನ ಗುರುತನ್ನು ದೃಢಪಡಿಸುವುದಾಗಿದೆ. ಸರ್ವರ್ ತನಗೆ ತಾನೇ ಸಹಿ ಮಾಡಿಕೊಂಡ ಪ್ರಮಾಣಪತ್ರವು ಸ್ವಯಂ ದೃಢೀಕೃತ ನಕಲು ಪ್ರತಿಯಂತೆ. ಆದರೆ ಇಲ್ಲಿ ಮೂಲದೊಂದಿಗೆ ತಾಳೆ ನೋಡುವ ಗುಮಾಸ್ತರು ಯಾರೂ ಇರುವುದಿಲ್ಲ. ಆದ್ದರಿಂದ ಮೊಬೈಲ್ ತಾನು ನಂಬುವ ಪ್ರಾಧಿಕಾರದ ಸಹಿಯನ್ನು ಕೇಳುತ್ತದೆ. ಪ್ರಮಾಣಪತ್ರದಲ್ಲಿನ ಹೆಸರು ಸರ್ವರ್ ವಿಳಾಸಕ್ಕೆ ಸರಿಹೊಂದಬೇಕು, ಅವಧಿಯೂ ಮುಗಿದಿರಬಾರದು.

ಕೆಲವೊಮ್ಮೆ ಕಂಪ್ಯೂಟರ್‌ನಲ್ಲಿ ಸರಿಯಾಗಿ ತೆರೆಯುವ ವೇಳಾಪಟ್ಟಿಯನ್ನು ಮೊಬೈಲ್ ಕ್ಯಾಲೆಂಡರ್ ನಿರಾಕರಿಸುತ್ತದೆ. ಅರ್ಜಿದಾರರು ತಮ್ಮದೇ ತಪ್ಪೆಂದು ಭಾವಿಸುತ್ತಾರೆ. ವಾಸ್ತವವಾಗಿ, ಪ್ರಾಧಿಕಾರ ಮತ್ತು ಸರ್ವರ್ ನಡುವಿನ ಕೊಂಡಿಯಾದ ಮಧ್ಯಂತರ ಪ್ರಮಾಣಪತ್ರವನ್ನು ಸರ್ವರ್‌ನಲ್ಲಿ ಅಳವಡಿಸದೇ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಕೆಲವು ಬ್ರೌಸರ್‌ಗಳು ಈ ಕೊಂಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ಅನೇಕ ಮೊಬೈಲ್ ತಂತ್ರಾಂಶಗಳು ಹುಡುಕುವುದಿಲ್ಲ. ನವೀಕರಿಸಿದ ಪ್ರಮಾಣಪತ್ರವನ್ನು ಕಡತದಲ್ಲಿಟ್ಟು, ಸರ್ವರ್ ತಂತ್ರಾಂಶವನ್ನು ಮರುಚಾಲನೆ ಮಾಡಲು ಮರೆತಾಗಲೂ ಹಳೆಯದೇ ರವಾನೆಯಾಗುತ್ತಿರುತ್ತದೆ. ಇವೆರಡೂ ಸರ್ವರ್ ನಿರ್ವಾಹಕರು ಸರಿಪಡಿಸಬೇಕಾದ ಲೋಪಗಳು. 2020ರ ಸೆಪ್ಟೆಂಬರ್‌ನಿಂದ 398 ದಿನಗಳಿದ್ದ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು 2025ರಲ್ಲಿ ತೀರ್ಮಾನಿಸಲಾಗಿರುವುದರಿಂದ, ನವೀಕರಣವನ್ನು ನೆನಪಿಗೆ ಬಿಡುವುದು ಸೂಕ್ತವಲ್ಲ.

ಎಚ್ಚರಿಕೆ ಕಂಡುಬಂದಲ್ಲಿ ಅರ್ಜಿದಾರರು ಮೊದಲು ಮೊಬೈಲ್‌ನ ದಿನಾಂಕ ಮತ್ತು ಸಮಯವನ್ನು ಪರಿಶೀಲಿಸತಕ್ಕದ್ದು. ಅದು ತಪ್ಪಾಗಿದ್ದಲ್ಲಿ ಚಾಲ್ತಿಯಲ್ಲಿರುವ ಪ್ರಮಾಣಪತ್ರವೂ ಅವಧಿ ಮೀರಿದಂತೆ ತೋರುತ್ತದೆ. ನಂತರ ವಿಳಾಸವನ್ನು ಅಕ್ಷರಶಃ ತಾಳೆ ನೋಡುವುದು. ಎರಡೂ ಸರಿಯಿದ್ದು ಎಚ್ಚರಿಕೆ ಮುಂದುವರಿದಲ್ಲಿ ಜೋಡಣೆಯನ್ನು ಅಲ್ಲಿಗೇ ನಿಲ್ಲಿಸಿ, ಎಚ್ಚರಿಕೆಯ ಚಿತ್ರದೊಂದಿಗೆ ಸಂಬಂಧಪಟ್ಟ ಕಚೇರಿಗೆ ತಿಳಿಸುವುದು ಹಾಗೂ ಭೇಟಿಯ ದಿನಾಂಕವನ್ನು ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳುವುದು. ಈಗಾಗಲೇ ‘ಮುಂದುವರಿಯಿರಿ’ ಎಂದು ಒತ್ತಿರುವವರು ಸದರಿ ಖಾತೆಯನ್ನು ಮೊಬೈಲ್‌ನಿಂದ ತೆಗೆದುಹಾಕಿ ಪಾಸ್‌ವರ್ಡನ್ನು ಬದಲಾಯಿಸತಕ್ಕದ್ದು. ಅದೇ ಪಾಸ್‌ವರ್ಡನ್ನು ಬ್ಯಾಂಕ್ ಅಥವಾ ಇ-ಮೇಲ್ ಖಾತೆಗೂ ಬಳಸಿದ್ದಲ್ಲಿ ಅಲ್ಲಿಯೂ ಬದಲಾಯಿಸತಕ್ಕದ್ದು.