ಶಾಲಾಪೂರ್ವ ಮಕ್ಕಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಪರಿಚಯ: ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಪಾಲಕರ ಮಾಹಿತಿಗಾಗಿ

ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಸೇರಿಸಬೇಕೇ ಅಥವಾ ಶುಲ್ಕ ತೆತ್ತು ಖಾಸಗಿ ಶಿಶುವಿಹಾರಕ್ಕೆ ಕಳುಹಿಸಬೇಕೇ ಎಂದು ಆಲೋಚಿಸುವ ಪಾಲಕರಲ್ಲಿ ಸಾಮಾನ್ಯವಾಗಿ ಮೂಡುವ ಪ್ರಶ್ನೆಯೊಂದಿದೆ: ವಿಜ್ಞಾನ, ಕಂಪ್ಯೂಟರ್ ಮುಂತಾದವುಗಳನ್ನು ಎಲ್ಲಿ ಬೇಗನೆ ಕಲಿಸುತ್ತಾರೆ? ಮಗುವಿನ ದಾಖಲಾತಿಗೆ ಮುನ್ನ, ಈ ವಯಸ್ಸಿನಲ್ಲಿ ವಿಜ್ಞಾನದ ಕಲಿಕೆ ಎಂದರೆ ಏನು ಎಂಬುದನ್ನು ಪಾಲಕರು ಅರಿತಿರುವುದು ಒಳಿತು. ಇದನ್ನು ತಿಳಿಯದೆ ಬಾಯಿಪಾಠಕ್ಕೆ ದುಬಾರಿ ಶುಲ್ಕ ತೆರುವ ಕುಟುಂಬವು ಹಣದ ಜೊತೆಗೆ ಮಗುವಿನ ಪ್ರಶ್ನಿಸುವ ಸ್ವಭಾವವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 2 ಅಕ್ಟೋಬರ್ 1975ರಂದು ಆರಂಭಗೊಂಡಿದ್ದು, ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ ಜಾರಿಗೆ ಬಂದಿತು. 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನೀಡುವುದು ಅಂದಿನಿಂದಲೂ ಅಂಗನವಾಡಿಯ ಸೇವೆಗಳಲ್ಲಿ ಒಂದಾಗಿದೆ. ಅಂಗನವಾಡಿ ಎಂದರೆ ಊಟ ನೀಡುವ ಕೇಂದ್ರ ಮಾತ್ರ ಎಂಬ ಭಾವನೆ ಸರಿಯಲ್ಲ. 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ ಕಲಿಕೆಯನ್ನು ಸೂಚಿಸಿದ್ದು, 6 ವರ್ಷದೊಳಗಿನ ಮಕ್ಕಳಿಗೆ ಪಠ್ಯಪುಸ್ತಕ ನಿಗದಿಪಡಿಸಬಾರದು ಎಂದು ತಿಳಿಸಿದೆ. ಆದುದರಿಂದ ಪುಸ್ತಕದ ಚೀಲ ಭಾರವಾಗಿದ್ದ ಮಾತ್ರಕ್ಕೆ ಕಲಿಕೆ ಹೆಚ್ಚೆಂದು ಭಾವಿಸಬೇಕಾಗಿಲ್ಲ.

ಮಗುವಿಗೆ ಪ್ರಯೋಗಾಲಯ ಯಾವುದು?

ತೆಂಗಿನ ಸೀಮೆಯಾದ ಈ ಭಾಗದಲ್ಲಿ ಪ್ರಯೋಗದ ಸಾಮಗ್ರಿಗೆ ಕೊರತೆಯಿಲ್ಲ. ನೀರು ತುಂಬಿದ ದೊಡ್ಡ ಪಾತ್ರೆಯೊಂದನ್ನಿಟ್ಟು, ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಹಾಗೂ ಒಂದು ಸಣ್ಣ ಕಲ್ಲನ್ನು ಮಗುವಿನ ಕೈಗೆ ಕೊಡಿರಿ. ಯಾವುದು ಮುಳುಗುವುದೆಂದು ಮೊದಲು ಕೇಳಿರಿ. ದೊಡ್ಡದಾದ ತೆಂಗಿನಕಾಯಿಯೇ ಮುಳುಗುವುದೆಂದು ಮಗು ಹೇಳಬಹುದು. ಕಾಯಿ ತೇಲಿ, ಕಲ್ಲು ಮುಳುಗಿದಾಗ ಉಂಟಾಗುವ ಅಚ್ಚರಿಯೇ ವಿಜ್ಞಾನದ ಪ್ರವೇಶದ್ವಾರ. ನಾರಿನ ಸಂದುಗಳಲ್ಲಿ ಗಾಳಿ ಇರುವುದರಿಂದ ಕಾಯಿಯು ತನ್ನ ಗಾತ್ರದಷ್ಟು ನೀರಿಗಿಂತ ಹಗುರವಾಗಿರುತ್ತದೆ ಎಂಬ ವಿವರಣೆ ಪಾಲಕರಿಗೆ ತಿಳಿದಿದ್ದರೆ ಸಾಕು. ಮಗುವಿಗೆ ಅದನ್ನು ಕೂಡಲೇ ಹೇಳುವ ಅಗತ್ಯವಿಲ್ಲ. ಎಲೆ, ಚಮಚ, ಬೆಂಡು, ಬೀಗದ ಕೈ ಎಲ್ಲವನ್ನೂ ನೀರಿಗೆ ಹಾಕಿ ನೋಡಲು ಬಿಡುವುದು ಹೆಚ್ಚು ಪ್ರಯೋಜನಕಾರಿ. ಊಹಿಸುವುದು, ಮಾಡಿ ನೋಡುವುದು, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳುವುದು, ಈ ಮೂರೂ ಇದರಲ್ಲಿ ಅಡಕವಾಗಿವೆ.

ಹಾಗೆಯೇ ನೆನೆಸಿದ ಹುರುಳಿಕಾಳನ್ನು ಎರಡು ಬಟ್ಟಲುಗಳಲ್ಲಿ ಒದ್ದೆ ಬಟ್ಟೆಯ ಮೇಲಿಟ್ಟು, ಒಂದನ್ನು ಬೆಳಕಿನಲ್ಲಿಯೂ ಮತ್ತೊಂದನ್ನು ಮುಚ್ಚಿದ ಡಬ್ಬಿಯಲ್ಲಿಯೂ ಇರಿಸಬಹುದು. ಕತ್ತಲೆಯಲ್ಲಿನ ಸಸಿ ನೀಳವಾಗಿ, ಹಳದಿಯಾಗಿ ಬೆಳೆಯುವುದನ್ನು ಮಗು ತಾನೇ ಗುರುತಿಸುತ್ತದೆ. ನೆರಳಿನ ಆಟವೂ ಉಪಯುಕ್ತ. ಅಂಗಳದಲ್ಲಿ ಕೋಲು ನೆಟ್ಟು ಅದರ ನೆರಳಿನ ತುದಿಗೆ ಗಂಟೆಗೊಮ್ಮೆ ಗುರುತು ಹಾಕಿಸಿರಿ. ತುಮಕೂರು ಭಾಗದಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮುಂಚೆ, ಸೂರ್ಯನು ನೆತ್ತಿಯ ಮೇಲೆ ಬರುವುದರಿಂದ ನೇರವಾಗಿ ನೆಟ್ಟ ಕೋಲಿನ ನೆರಳು ಬಹುತೇಕ ಕಾಣದಾಗುತ್ತದೆ. ಮೋಡವಿಲ್ಲದಿದ್ದಲ್ಲಿ ತಪ್ಪದೆ ತೋರಿಸತಕ್ಕ ಸಂಗತಿಯಿದು.

ತಂತ್ರಜ್ಞಾನವೆಂದರೆ ಪರದೆಯಲ್ಲ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 6 ಫೆಬ್ರವರಿ 2023ರಂದು ಉದ್ಘಾಟನೆಗೊಂಡಿದೆ. ತಮ್ಮ ಮಗುವೂ ಮುಂದೆ ಅಂತಹ ಕಡೆ ದುಡಿಯಲಿ ಎಂದು ಪಾಲಕರು ಆಶಿಸುವುದು ಸಹಜ. ಆದರೆ ನಾಲ್ಕು ವರ್ಷದ ಮಗುವಿಗೆ ತಂತ್ರಜ್ಞಾನವೆಂದರೆ ಉಪಕರಣದ ಬಳಕೆ: ತಕ್ಕಡಿ, ಬಾವಿಯ ರಾಟೆ, ಜರಡಿ, ಇಳಿಜಾರಿನಲ್ಲಿ ಉರುಳುವ ಚಕ್ರ. ಅಂಗನವಾಡಿಯಲ್ಲಿ ಮಗುವಿನ ತೂಕ ಮತ್ತು ಎತ್ತರ ಅಳೆಯುವಾಗ ಕಾರ್ಯಕರ್ತೆಯವರು ಅಳತೆಯನ್ನು ಮಗುವಿಗೂ ತೋರಿಸಿದಲ್ಲಿ, ಕಳೆದ ಸಲಕ್ಕಿಂತ ತಾನು ಬೆಳೆದಿರುವುದನ್ನು ಅದು ಅಳತೆಯಿಂದಲೇ ಅರಿಯುತ್ತದೆ. ಮೊಬೈಲ್ ಪರದೆಗೆ ಸಂಬಂಧಿಸಿದಂತೆ, 3 ಮತ್ತು 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ.

ಎಚ್ಚರಿಕೆ: ಕಾಳುಗಳನ್ನು ಮಕ್ಕಳು ಮೂಗು, ಕಿವಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಹಿರಿಯರು ಜೊತೆಯಲ್ಲಿರತಕ್ಕದ್ದು. ಕುಣಿಗಲ್ ಕೆರೆ, ತುಮಕೂರಿನ ಅಮಾನಿಕೆರೆ ಹಾಗೂ ತೋಟದ ಕೃಷಿಹೊಂಡಗಳ ಬಳಿ ಹಕ್ಕಿ, ಮೀನು ತೋರಿಸಲು ಹೋದಾಗ ಮಗುವಿನ ಕೈ ಬಿಡಬಾರದು. ಬಳಸಿದ ನೀರಿನ ಪಾತ್ರೆಯನ್ನು ಕೂಡಲೇ ಬರಿದು ಮಾಡಿರಿ.

ದಾಖಲಾತಿ

ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ಶುಲ್ಕವಿರುವುದಿಲ್ಲ. ಪಾಲಕರು ತಮ್ಮ ವಾರ್ಡ್ ಅಥವಾ ಗ್ರಾಮದ ಕೇಂದ್ರದ ಕಾರ್ಯಕರ್ತೆಯವರನ್ನು ನೇರವಾಗಿ ಭೇಟಿ ಮಾಡಬಹುದಾಗಿದೆ. ಮಗುವಿನ ಜನನ ಪ್ರಮಾಣಪತ್ರ ಹಾಗೂ ತಾಯಿ ಕಾರ್ಡನ್ನು ಕೊಂಡೊಯ್ಯುವುದು ಅನುಕೂಲಕರ. ಭೇಟಿಯ ವೇಳೆ, ಮಕ್ಕಳು ಹೊರಗೆ ಆಡುವ ಸಮಯವೆಷ್ಟು, ಮುಟ್ಟಿ ನೋಡಲು ಯಾವ ವಸ್ತುಗಳಿವೆ, ಮಗು ಪ್ರಶ್ನೆ ಕೇಳಿದರೆ ಏನು ಮಾಡಲಾಗುತ್ತದೆ ಎಂದು ವಿಚಾರಿಸಿರಿ. ಖಾಸಗಿ ಶಿಶುವಿಹಾರದಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳತಕ್ಕದ್ದು. ಅಂಗನವಾಡಿಯಲ್ಲಿ ದಾಖಲಾತಿ ನಿರಾಕರಿಸಿದಲ್ಲಿ ಅಥವಾ ಚಟುವಟಿಕೆಗಳು ನಡೆಯದಿದ್ದಲ್ಲಿ ಮೊದಲು ವಲಯ ಮೇಲ್ವಿಚಾರಕಿಯವರಿಗೂ, ನಂತರ ತಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೂ ಲಿಖಿತವಾಗಿ ತಿಳಿಸಬಹುದು.