ಡಿಸ್ಟಾರ್ಷನ್‌ಗೆ ಬೂಸ್ಟ್ ಬಲ: ಮೊದಲೋ, ನಂತರವೋ?

ಬೆಂಗಳೂರು: 1998ರಲ್ಲಿ ಕ್ರಿಪ್ಟೋಸ್ ಮೆಟಲ್ ತಂಡ ಹುಟ್ಟಿದ ನಗರವಿದು. ಸರ್ವಜ್ಞನಗರದ ಕಮ್ಮನಹಳ್ಳಿ, ಲಿಂಗರಾಜಪುರಗಳ ಯುವ ವಾದಕರಿಗೂ ಎದುರಾಗಬಹುದಾದ ತೊಡಕೊಂದಿದೆ: ಮನೆಯಲ್ಲಿ ಅಬ್ಬರಿಸುವ ಗಿಟಾರ್, ವೇದಿಕೆಯಲ್ಲಿ ಡ್ರಮ್ಸ್ ಸದ್ದಿನೊಳಗೆ ಅಡಗಿಬಿಡುತ್ತದೆ. ಬೂಸ್ಟ್ ಪೆಡಲ್ ಇದಕ್ಕೆ ಪರಿಹಾರ. ಆದರೆ ಅದನ್ನು ಎಲ್ಲಿ ಜೋಡಿಸಬೇಕೆಂಬುದು ಮುಖ್ಯ.

ಡಿಸ್ಟಾರ್ಷನ್ ಪೆಡಲ್ ಗಿಟಾರಿನ ವಿದ್ಯುತ್ ಸಂಕೇತದ ತುದಿಗಳನ್ನು ಕತ್ತರಿಸಿ ಒರಟು ನಾದ ಹೊಮ್ಮಿಸುತ್ತದೆ. ಬೂಸ್ಟ್ ಅದಕ್ಕೂ ಮೊದಲಿದ್ದರೆ ಈ ಕತ್ತರಿಕೆ ಹೆಚ್ಚಿ, ನಾದ ದಟ್ಟವಾಗುತ್ತದೆ, ಸ್ವರ ದೀರ್ಘಕಾಲ ನಿಲ್ಲುತ್ತದೆ. ಸದ್ದು ಮಾತ್ರ ಅಷ್ಟಾಗಿ ಏರದು. ಕ್ವೀನ್ ತಂಡದ ಬ್ರಯಾನ್ ಮೇ, ಟ್ರೆಬಲ್ ಬೂಸ್ಟರ್ ಮೂಲಕ ವಾಕ್ಸ್ ಎಸಿ30 ಆಂಪ್ಲಿಫೈಯರಿನಿಂದ ದಟ್ಟ ನಾದ ಪಡೆದದ್ದು ಇದೇ ತತ್ತ್ವದಿಂದ.

ಬೂಸ್ಟ್ ನಂತರವಿದ್ದು, ಆಂಪ್ಲಿಫೈಯರ್ ಸ್ವಚ್ಛ ಧ್ವನಿಯಲ್ಲಿದ್ದರೆ, ನಾದ ಹಾಗೆಯೇ ಉಳಿದು ಸದ್ದು ಏರುತ್ತದೆ. ಹೀಗಾಗಿ ಸೋಲೊ ಎದ್ದು ಕೇಳಬೇಕಾದರೆ ಬೂಸ್ಟ್ ಡಿಸ್ಟಾರ್ಷನ್ ನಂತರವೇ ಇರುವುದು ಲೇಸು.